ಸಕ್ಕರೆ ಕಾಯಿಲೆಯ ತೊಡಕುಗಳನ್ನು ರಕ್ತ ಎಷ್ಟು ಮುಂಚೆ ಹೇಳಬಲ್ಲದು?

ಈ ಸಲ ಯುಗಾದಿಗೆ ಊರಿಗೆ ಹೋದಾಗ ದೊಡ್ಡಮ್ಮ ಬೀರುವಿನಿಂದ ಜವಳಿ ಅಂಗಡಿಯ ಒಂದು ಕವರ್ ತೆಗೆದು ನನ್ನ ಮುಂದೆ ಇಟ್ಟರು. ಒಳಗೆ ಆರು ವರ್ಷದ ಲ್ಯಾಬ್ ರಿಪೋರ್ಟುಗಳು, ವರ್ಷವಾರು ಪಿನ್ ಹೊಡೆದು ಜೋಡಿಸಿದ್ದವು. ಅವರಿಗೀಗ 62 ವರ್ಷ. ಸಣ್ಣ ಮೈಕಟ್ಟು, ಶುಗರ್ ಬಂದು ಹದಿನಾಲ್ಕು ವರ್ಷವಾಯಿತು, ಒಂದು ಹೊತ್ತೂ ಮಾತ್ರೆ ತಪ್ಪಿಸಿದವರಲ್ಲ. "ಎಲ್ಲಾ ನಾರ್ಮಲ್ ಅಂತಾನೇ ಬಂದಿದೆ. ಕಿಡ್ನಿಗೆ ಏನೂ ಆಗಿಲ್ಲ ತಾನೇ? ಸ್ವಲ್ಪ ನೋಡಿ ಹೇಳು ಮಗಾ" ಎಂದರು. ಎದುರು ಮನೆಯವರು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಸುಸ್ತಾಗಿ ಬರುವುದನ್ನು ಅವರು ಕಣ್ಣಾರೆ ನೋಡುತ್ತಿದ್ದಾರೆ. ಆ ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂದು ನನಗೆ ಗೊತ್ತಿತ್ತು.

ರಿಪೋರ್ಟುಗಳನ್ನು ಚಾಪೆಯ ಮೇಲೆ ಸಾಲಾಗಿ ಹರಡಿದೆ. ಕಿಡ್ನಿಯ ಕೆಲಸ ನೋಡಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಆರು ವರ್ಷದ ಹಿಂದೆ 0.8, ಈ ವರ್ಷ 1.0. ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕಿದ ಮಿತಿ 0.6ರಿಂದ 1.1. ಯಾವ ಹಾಳೆಯಲ್ಲೂ ದಪ್ಪ ಅಕ್ಷರವಿಲ್ಲ, ನಕ್ಷತ್ರದ ಗುರುತಿಲ್ಲ. ಆದರೆ ಅದೇ ಸಂಖ್ಯೆಗಳಿಗೆ ಅವರ ವಯಸ್ಸನ್ನೂ ಹೆಣ್ಣು ಎಂಬುದನ್ನೂ ಸೇರಿಸಿ ಇಜಿಎಫ್‌ಆರ್ ಲೆಕ್ಕ ಹಾಕಿದೆ. ಕಿಡ್ನಿಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಎಂಬುದರ ಅಂದಾಜು ಅದು. ಆರು ವರ್ಷದ ಹಿಂದೆ 86 ಇದ್ದದ್ದು ಈಗ 64. ವಯಸ್ಸಾಗುತ್ತಾ ಎಲ್ಲರಿಗೂ ವರ್ಷಕ್ಕೆ ಸುಮಾರು ಒಂದರಷ್ಟು ಇಳಿಯುತ್ತದೆ. ಇವರಿಗೆ ಮೂರೂವರೆಗಿಂತ ಹೆಚ್ಚು ಇಳಿದಿದೆ. ಆರೂ ರಿಪೋರ್ಟು ನಾರ್ಮಲ್, ಆದರೆ ಆರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇಳಿಜಾರು.

ರಕ್ತದಲ್ಲಿರುವ ಸೂಚಕಗಳಿಂದ ಸಕ್ಕರೆ ಕಾಯಿಲೆಯ ತೊಡಕುಗಳನ್ನು ಮೊದಲೇ ಊಹಿಸುವುದು ಎಂದರೆ ಬಹುಪಾಲು ಇದೇ ಕೆಲಸ. ಪ್ರಪಂಚದ ದೊಡ್ಡ ಪ್ರಯೋಗಾಲಯಗಳು ಹೊಸ ಹೊಸ ಪ್ರೋಟೀನುಗಳನ್ನು ಹುಡುಕುತ್ತಿವೆ, ಅವುಗಳ ವಿಷಯಕ್ಕೂ ಬರುತ್ತೇನೆ. ಆದರೆ ಮೊದಲು ಎಲ್ಲರ ಮನೆಯ ಕವರಿನಲ್ಲೂ ಇರುವ ಸಂಖ್ಯೆಗಳಿಂದ ಶುರುಮಾಡೋಣ.

ಮೂರು ತಿಂಗಳ ಶುಗರ್

ಧಾರವಾಡ ಪೇಡೆಗೆ ಆ ಕಂದು ಬಣ್ಣ ಎಲ್ಲಿಂದ ಬರುತ್ತದೆ? ಹಾಲನ್ನು ಗಂಟೆಗಟ್ಟಲೆ ಕಾಯಿಸಿ ಮಗುಚುವಾಗ ಹಾಲಿನ ಸಕ್ಕರೆ ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಬಣ್ಣ ತಿರುಗುತ್ತದೆ. ಫ್ರೆಂಚ್ ವಿಜ್ಞಾನಿ ಮೈಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. ನಮ್ಮ ಮೈಯೊಳಗೂ ಇದು ನಡೆಯುತ್ತದೆ. ಬೆಂಕಿ ಇಲ್ಲದ ಕಾರಣ ನಿಧಾನ, ಆದರೆ ಬಿಡುವಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಾದಷ್ಟೂ ಅದು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ, ಕಣ್ಣಿನ ಮಸೂರಕ್ಕೆ, ರಕ್ತನಾಳಗಳ ಗೋಡೆಗೆ ಅಂಟುತ್ತಾ ಹೋಗುತ್ತದೆ.

ಇರಾನಿನ ಸ್ಯಾಮುಯೆಲ್ ರಹಬಾರ್ 1968ರಲ್ಲಿ ಟೆಹರಾನಿನಲ್ಲಿ ರೋಗಿಗಳ ಹಿಮೋಗ್ಲೋಬಿನ್ ಪರೀಕ್ಷಿಸುತ್ತಿದ್ದಾಗ ಮಧುಮೇಹಿಗಳಲ್ಲಿ ಮಾತ್ರ ಬೇರೆ ಬಗೆಯದೊಂದು ಹೆಚ್ಚಾಗಿರುವುದನ್ನು ಗಮನಿಸಿದರು. ಸಕ್ಕರೆ ಅಂಟಿದ ಆ ಹಿಮೋಗ್ಲೋಬಿನ್ನೇ ಇಂದಿನ ಎಚ್‌ಬಿಎ1ಸಿ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಆದ್ದರಿಂದ ಅದರ ಮೇಲೆ ಎಷ್ಟು ಸಕ್ಕರೆ ಕೂತಿದೆ ಎಂದು ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಲ್ಯಾಬಿಗೆ ಹೋಗುವ ಹಿಂದಿನ ದಿನ ಹೋಳಿಗೆ ಬಿಟ್ಟರೆ ಖಾಲಿ ಹೊಟ್ಟೆಯ ಶುಗರ್ ಇಳಿಯಬಹುದು, ಎಚ್‌ಬಿಎ1ಸಿ ಇಳಿಯುವುದಿಲ್ಲ. ಅದು ಶೇ. 7 ಇದ್ದರೆ ಸರಾಸರಿ ಶುಗರ್ ಸುಮಾರು 154, ಶೇ. 9 ಇದ್ದರೆ ಸುಮಾರು 212.

ಇದು ಬರೀ ಸರಾಸರಿಯನ್ನಷ್ಟೇ ಹೇಳುವುದಿಲ್ಲ, ಮುಂದೆ ಆಗುವುದರ ಸೂಚನೆಯನ್ನೂ ಕೊಡುತ್ತದೆ ಎಂಬುದು ಎರಡು ದೊಡ್ಡ ಅಧ್ಯಯನಗಳಿಂದ ಗಟ್ಟಿಯಾಯಿತು. ಅಮೆರಿಕ ಮತ್ತು ಕೆನಡಾದಲ್ಲಿ ಮೊದಲನೇ ವಿಧದ ಮಧುಮೇಹವಿದ್ದ 1441 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಎಚ್‌ಬಿಎ1ಸಿಯನ್ನು 7ರ ಆಸುಪಾಸಿಗೆ ತಂದರು. ಇನ್ನೊಂದು ಗುಂಪು ಆಗಿನ ಮಾಮೂಲಿ ಚಿಕಿತ್ಸೆಯಲ್ಲಿ 9ರ ಆಸುಪಾಸಿನಲ್ಲೇ ಉಳಿಯಿತು. 1993ರಲ್ಲಿ ಫಲಿತಾಂಶ ಬಂದಾಗ ಮೊದಲ ಗುಂಪಿನಲ್ಲಿ ಹೊಸದಾಗಿ ಕಣ್ಣಿನ ಪರದೆ ಕೆಡುವ ಅಪಾಯ ಶೇ. 76ರಷ್ಟು ಕಡಿಮೆಯಾಗಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಇರುವ ಎರಡನೇ ವಿಧದ ಮೇಲೆ ಬ್ರಿಟನ್ನಿನಲ್ಲಿ 5102 ಜನರ ಅಧ್ಯಯನ ನಡೆಯಿತು. ಎಚ್‌ಬಿಎ1ಸಿ ಒಂದಂಶ ಕಡಿಮೆ ಇದ್ದಲ್ಲಿ ಕಣ್ಣು, ಕಿಡ್ನಿಯಂಥ ಕಡೆ ಸಣ್ಣ ರಕ್ತನಾಳಗಳ ತೊಡಕು ಶೇ. 37ರಷ್ಟು ಕಡಿಮೆ ಇತ್ತು ಎಂದು ಆ ಅಧ್ಯಯನದ ಮಾಹಿತಿ 2000ನೇ ಇಸವಿಯಲ್ಲಿ ತೋರಿಸಿತು.

ಆದರೆ ಈ ಸಂಖ್ಯೆ ದಾರಿ ತಪ್ಪಿಸುವುದೂ ಉಂಟು, ಅದೂ ನಮ್ಮ ನಾಡಿನ ಹೆಣ್ಣುಮಕ್ಕಳಲ್ಲಿ ಹೆಚ್ಚು. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಬಂದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಕಬ್ಬಿಣದ ಮಾತ್ರೆ ತೆಗೆದುಕೊಂಡ ಮೇಲೆ ಶುಗರ್ ಬದಲಾಗದಿದ್ದರೂ ಅದು ಇಳಿಯುತ್ತದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮೈಸೂರು, ಚಾಮರಾಜನಗರದ ಕಾಡಂಚಿನ ಬುಡಕಟ್ಟು ಜನರಲ್ಲಿ ಕಂಡುಬರುವ ಕುಡಗೋಲು ಕಣ ಕಾಯಿಲೆಯಲ್ಲಿ ಇದು ತಿರುವುಮುರುವು. ಅಲ್ಲಿ ಕಣಗಳು ಬೇಗ ಸಾಯುತ್ತವೆ, ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ, ಎಚ್‌ಬಿಎ1ಸಿ ಸುಳ್ಳೇ ಕಡಿಮೆ ಬರುತ್ತದೆ. ಆದ್ದರಿಂದ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡದೆ ಎಚ್‌ಬಿಎ1ಸಿ ಓದಬಾರದು. ಗ್ಲೂಕೋಮೀಟರಿನ ಸಂಖ್ಯೆಗೂ ಇದಕ್ಕೂ ತಾಳೆಯಾಗದಿದ್ದರೆ ವೈದ್ಯರನ್ನು ಕೇಳಲೇಬೇಕು.

ಕಿಡ್ನಿಯ ಮಾತು

ಕ್ರಿಯಾಟಿನಿನ್ ಎಂದರೆ ಸ್ನಾಯುಗಳು ದಿನವೂ ಹೊರಹಾಕುವ ಕಸ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಸೋಸುವುದು ಕಡಿಮೆಯಾದರೆ ರಕ್ತದಲ್ಲಿ ಉಳಿಯುತ್ತದೆ, ಸರಿ. ತೊಂದರೆ ಏನೆಂದರೆ ಕಸ ಎಷ್ಟು ಹುಟ್ಟುತ್ತದೆ ಎಂಬುದು ಸ್ನಾಯುವಿನ ಮೇಲೆ ನಿಂತಿದೆ. ಗದ್ದೆ ಕೆಲಸ ಮಾಡುವ 30 ವರ್ಷದ ಗಂಡಸಿಗೆ 1.0 ಬಂದರೆ ಅವನ ಇಜಿಎಫ್‌ಆರ್ ಸುಮಾರು 104. ಅದೇ 1.0 ನಮ್ಮ ದೊಡ್ಡಮ್ಮನಿಗೆ ಬಂದರೆ 64. ಇಬ್ಬರ ಹಾಳೆಯಲ್ಲೂ ಒಂದೇ ಅಂಕಿ, ಇಬ್ಬರಿಗೂ ನಾರ್ಮಲ್. ಜೊತೆಗೆ, ಕಿಡ್ನಿಗಳಿಗೆ ಕಸುವು ಹೆಚ್ಚು. ಒಂದಷ್ಟು ಸೋಸುಗಗಳು ಸತ್ತರೆ ಉಳಿದವು ಅವುಗಳ ಪಾಲಿನ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಹೆಚ್ಚು ಕಡಿಮೆ ಅರ್ಧ ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಮಿತಿಯೊಳಗೇ ಇರಬಹುದು. ಇಜಿಎಫ್‌ಆರ್ ಲೆಕ್ಕಕ್ಕೆ ಬೇರೆ ರಕ್ತ ಬೇಡ, ಬೇರೆ ದುಡ್ಡೂ ಬೇಡ. ಅದನ್ನು ಮುದ್ರಿಸದ ರಿಪೋರ್ಟು ಮಧುಮೇಹಿಯ ಮಟ್ಟಿಗೆ ಅರ್ಧ ರಿಪೋರ್ಟು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ನಾಯುವಿನ ಈ ಗೊಂದಲವಿಲ್ಲದ ಇನ್ನೊಂದು ಸೂಚಕ ಸಿಸ್ಟಾಟಿನ್ ಸಿ. ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಅದನ್ನು ಒಂದೇ ಹದದಲ್ಲಿ ತಯಾರಿಸುತ್ತವೆ. ಸಣಕಲು ದೇಹದವರಿಗೆ, ಮುಪ್ಪಿನವರಿಗೆ ಅನುಮಾನ ಬಂದಾಗ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಅಂದಾಜು ನಿಖರವಾಗುತ್ತದೆ.

ಇವೆರಡೂ ಈಗ ಏನಾಗಿದೆ ಎಂದು ಹೇಳುವವು. ಮುಂದೆ ಯಾರ ಕಿಡ್ನಿ ಬೇಗ ಸೋಲುತ್ತದೆ ಎಂದು ಹೇಳಬಲ್ಲ ಸೂಚಕಗಳ ಹುಡುಕಾಟದಲ್ಲಿ ಬೋಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದ ಹೆಸರು ಮುಂದಿದೆ. ಅಲ್ಲಿನ ಆಂಡ್ಜೆಯ್ ಕ್ರೊಲೆವ್‌ಸ್ಕಿ ಅವರ ತಂಡ ಎರಡನೇ ವಿಧದ ಮಧುಮೇಹವಿದ್ದ 410 ಜನರ ಹಳೆಯ ರಕ್ತದ ಮಾದರಿಗಳನ್ನು ಕಾಪಿಟ್ಟು, ಎಂಟರಿಂದ ಹನ್ನೆರಡು ವರ್ಷ ಅವರನ್ನು ಹಿಂಬಾಲಿಸಿತು. ಉರಿಯೂತದ ಸಂಕೇತ ಹಿಡಿಯುವ ಟಿಎನ್‌ಎಫ್‌ಆರ್1 ಎಂಬ ಪ್ರೋಟೀನು ಜೀವಕೋಶಗಳ ಮೈಮೇಲಿಂದ ಕಳಚಿ ರಕ್ತಕ್ಕೆ ಬೀಳುತ್ತದೆ. ಅದು ಅತಿ ಹೆಚ್ಚಿದ್ದ ಕಾಲುಭಾಗ ಜನರಲ್ಲಿ ಹನ್ನೆರಡು ವರ್ಷದೊಳಗೆ ಶೇ. 54ರಷ್ಟು ಮಂದಿಗೆ ಕಿಡ್ನಿ ಪೂರ್ತಿ ಸೋತಿತ್ತು. ಉಳಿದ ಮುಕ್ಕಾಲು ಭಾಗದಲ್ಲಿ ಶೇ. 3 ಮಾತ್ರ. 2012ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಮೊದಲು ಓದಿದಾಗ ನಾನು ಎರಡು ಸಲ ಓದಿದೆ, ಅಷ್ಟು ದೊಡ್ಡ ಅಂತರ ಅದು. 2019ರಲ್ಲಿ ಅದೇ ಕೇಂದ್ರದವರು ಉರಿಯೂತಕ್ಕೆ ಸಂಬಂಧಿಸಿದ 17 ಪ್ರೋಟೀನುಗಳ ಗುಂಪೊಂದನ್ನು ಗುರುತಿಸಿದರು. ಸಕ್ಕರೆ ಒಂದೇ ಕಿಡ್ನಿಯನ್ನು ಕೊಲ್ಲುವುದಲ್ಲ, ಅದರ ಜೊತೆಗೆ ಮೈಯಲ್ಲಿ ಹೊಗೆಯಾಡುವ ಉರಿಯೂತವೂ ಕೈ ಸೇರಿಸುತ್ತದೆ ಎಂಬ ತಿಳಿವಳಿಕೆ ಇದರಿಂದ ಬಲವಾಯಿತು. ಒಂದೇ ಎಚ್‌ಬಿಎ1ಸಿ ಇರುವ ಇಬ್ಬರಲ್ಲಿ ಒಬ್ಬರ ಕಿಡ್ನಿ ಕೆಟ್ಟು ಇನ್ನೊಬ್ಬರದು ಚೆನ್ನಾಗಿರುವುದಕ್ಕೆ ಒಂದು ಕಾರಣವೂ ಸಿಕ್ಕಂತಾಯಿತು.

ಟಿಎನ್‌ಎಫ್‌ಆರ್1, ಅದರ ಜೋಡಿ ಟಿಎನ್‌ಎಫ್‌ಆರ್2, ಕಿಡ್ನಿಯ ನಳಿಕೆಗಳಿಗೆ ಪೆಟ್ಟಾದಾಗ ಹೊರಬರುವ ಕಿಮ್-1, ಈ ಮೂರನ್ನೂ ರೋಗಿಯ ಇತರ ವಿವರಗಳೊಂದಿಗೆ ಸೇರಿಸಿ ಅಂಕ ಕೊಡುವ ಕಿಡ್ನಿಇಂಟೆಲ್ಎಕ್ಸ್ ಎಂಬ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಜೂನ್‌ನಲ್ಲಿ ಅನುಮತಿ ಕೊಟ್ಟಿತು. ಎರಡನೇ ವಿಧದ ಮಧುಮೇಹವಿದ್ದು ಈಗಾಗಲೇ ಕಿಡ್ನಿ ತೊಂದರೆ ಕಾಣಿಸಿಕೊಂಡವರಲ್ಲಿ, ಮುಂದಿನ ಐದು ವರ್ಷದಲ್ಲಿ ಅದು ವೇಗವಾಗಿ ಹದಗೆಡುವ ಸಾಧ್ಯತೆ ಎಷ್ಟು ಎಂದು ಅದು ಹೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ರಕ್ತ ಬಿಟ್ಟು ಮೂತ್ರದ ಮಾತು ಆಡಲೇಬೇಕು, ಏಕೆಂದರೆ ಕಿಡ್ನಿಯ ವಿಷಯದಲ್ಲಿ ಅತ್ಯಂತ ಅಗ್ಗದ ಮುನ್ಸೂಚನೆ ಇರುವುದು ಅಲ್ಲೇ. ಆರೋಗ್ಯವಾಗಿರುವ ಸೋಸುಗ ಆಲ್ಬುಮಿನ್ ಎಂಬ ಪ್ರೋಟೀನನ್ನು ಹೊರಗೆ ಬಿಡುವುದಿಲ್ಲ. ಜರಡಿಯ ಕಣ್ಣು ಹರಿಯತೊಡಗಿದಾಗ ಅದು ಚೂರುಚೂರೇ ಸೋರುತ್ತದೆ, ಮಾಮೂಲಿ ಮೂತ್ರ ಪರೀಕ್ಷೆಗೆ ಸಿಗದಷ್ಟು ಸಣ್ಣದಾಗಿ. ಆ ಸಣ್ಣ ಸೋರಿಕೆಯೇ ಮುಂದಿನ ಕಿಡ್ನಿ ಕಾಯಿಲೆಯನ್ನೂ ಬೇಗ ಬರುವ ಸಾವನ್ನೂ ಮುಂಚೆಯೇ ಹೇಳುತ್ತದೆ ಎಂದು ಡೆನ್ಮಾರ್ಕಿನ ಕಾರ್ಲ್ ಎರಿಕ್ ಮೊಗೆನ್ಸೆನ್ 1984ರಲ್ಲೇ ತೋರಿಸಿದ್ದರು. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ನಿನ ಅನುಪಾತ ನೋಡುತ್ತಾರೆ, ಎಸಿಆರ್ ಎನ್ನುತ್ತಾರೆ. ಗ್ರಾಂಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ, 30 ದಾಟಿದರೆ ಎಚ್ಚರ, 300 ದಾಟಿದರೆ ಕಾಯಿಲೆ ಮುಂದುವರಿದಿದೆ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರೀ ವ್ಯಾಯಾಮ, ಮುಟ್ಟು ಇವೆಲ್ಲ ಇದನ್ನು ಏರಿಸಬಲ್ಲವು. ಅದಕ್ಕೇ ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡು ಸಲವಾದರೂ ಹೆಚ್ಚು ಬಂದರೆ ಮಾತ್ರ ಖಚಿತ ಮಾಡುತ್ತಾರೆ.

ದೊಡ್ಡಮ್ಮನ ಕವರಿನಲ್ಲಿ ಥೈರಾಯ್ಡ್ ಇತ್ತು, ವಿಟಮಿನ್ ಡಿ ಇತ್ತು, ಎಪ್ಪತ್ತು ಚಿಲ್ಲರೆ ಪರೀಕ್ಷೆಗಳ ಆಫರ್ ಪ್ಯಾಕೇಜ್ ಒಂದಿತ್ತು. ಹದಿನಾಲ್ಕು ವರ್ಷದ ಮಧುಮೇಹಿಯ ಆ ಆರು ವರ್ಷದ ಕಟ್ಟಿನಲ್ಲಿ ಎಸಿಆರ್ ಒಂದು ಸಲವೂ ಇರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಹೃದಯ, ಕಾಲು, ಕಣ್ಣು

ಹೃದಯದ ಸ್ನಾಯು ಒತ್ತಡಕ್ಕೆ ಸಿಕ್ಕಿ ಹಿಗ್ಗಿದಾಗ ಬಿಎನ್‌ಪಿ ಎಂಬ ಹಾರ್ಮೋನನ್ನು ಬಿಡುತ್ತದೆ. ಅದರ ಜೊತೆ ಹುಟ್ಟುವ ತುಣುಕು ಎನ್‌ಟಿ-ಪ್ರೋಬಿಎನ್‌ಪಿ. ಮೆಟ್ಟಿಲು ಹತ್ತಿದರೆ ಏದುಸಿರು, ಪಾದದ ಊತ ಇವೆಲ್ಲ ಶುರುವಾಗುವ ಮೊದಲೇ ಅದು ರಕ್ತದಲ್ಲಿ ಏರುತ್ತದೆ. ಮಧುಮೇಹಿಗಳಿಗೆ ವರ್ಷಕ್ಕೊಮ್ಮೆ ಇದನ್ನೋ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ನನ್ನೋ ನೋಡುವುದು ಒಳ್ಳೆಯದು ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2022ರಿಂದ ಹೇಳುತ್ತಿದೆ. ಮಿಲಿಲೀಟರಿಗೆ 125 ಪಿಕೋಗ್ರಾಂ ದಾಟಿದರೆ ಮುಂದಿನ ತಪಾಸಣೆ, ಎಕೋ ಎಂಬ ಹೃದಯದ ಸ್ಕ್ಯಾನ್. ಈ ಸೂಚಕದ ಬಗ್ಗೆ ನನಗೆ ಭರವಸೆ ಹೆಚ್ಚು, ಕಾರಣ ಪಾಂಟಿಯಾಕ್ ಎಂಬ 2013ರ ಒಂದು ಪ್ರಯೋಗ. ಹೃದಯ ಕಾಯಿಲೆ ಇಲ್ಲದ, ಆದರೆ ಈ ಸಂಖ್ಯೆ 125 ಮೀರಿದ್ದ 300 ಮಧುಮೇಹಿಗಳಲ್ಲಿ ಅರ್ಧ ಜನಕ್ಕೆ ಬಿಪಿಯ ಮತ್ತು ಹೃದಯದ ಮಾತ್ರೆಗಳನ್ನು ಪೂರ್ತಿ ಪ್ರಮಾಣಕ್ಕೆ ಏರಿಸಿದರು. ಎರಡು ವರ್ಷದಲ್ಲಿ ಹೃದಯದ ಕಾರಣಕ್ಕೆ ಆಸ್ಪತ್ರೆ ಸೇರುವುದು ಅಥವಾ ಸಾಯುವುದು ಅವರಲ್ಲಿ ಶೇ. 65ರಷ್ಟು ಕಡಿಮೆಯಾಯಿತು. ಅಂದರೆ ಸೂಚಕ ಬರೀ ಹೆದರಿಸಲಿಲ್ಲ, ಮಾಡಬೇಕಾದ್ದನ್ನು ತೋರಿಸಿತು. ದಪ್ಪ ಇರುವವರಲ್ಲಿ ಇದು ಕಡಿಮೆ ತೋರಿಸುತ್ತದೆ, ಕಿಡ್ನಿ ಸೋತವರಲ್ಲಿ ಹೆಚ್ಚು ಎಂಬುದನ್ನು ಮಾತ್ರ ನೆನಪಿಡಬೇಕು.

ಕಣ್ಣಿಗೆ ಸದ್ಯಕ್ಕೆ ರಕ್ತ ಪರೀಕ್ಷೆಯ ಮೇಲೆ ಭಾರ ಹಾಕುವಂತಿಲ್ಲ. ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿಕೊಂಡು ಪರದೆ ತೋರಿಸಬೇಕು, ಅಷ್ಟೇ. ಪಾದಕ್ಕೂ ಹಾಗೆಯೇ, ನೈಲಾನ್ ಎಳೆಯಿಂದ ಮುಟ್ಟಿ ನೋಡುವ ಪರೀಕ್ಷೆಯ ಜಾಗದಲ್ಲಿ ಕೂರುವ ರಕ್ತ ಪರೀಕ್ಷೆ ಇನ್ನೂ ಬಂದಿಲ್ಲ. ಆದರೆ ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ ಎನ್ನುವವರು ಬಿ12 ಒಂದನ್ನು ನೋಡಿಸಲೇಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುತ್ತದೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಅದು ಮೊದಲೇ ಕಡಿಮೆ. ಕೊರತೆಯಿಂದ ಬರುವ ನರದ ನೋವು ಸಕ್ಕರೆಯಿಂದ ಬಂದದ್ದರಂತೆಯೇ ಇರುತ್ತದೆ, ಮತ್ತು ಅದನ್ನು ಸರಿಪಡಿಸಬಹುದು.

ಇನ್ನೊಂದು ದಾರಿಯೂ ತೆರೆದಿದೆ. 2018ರಲ್ಲಿ ಸ್ವೀಡನ್ನಿನ ಸಂಶೋಧಕರು ಮಧುಮೇಹ ಒಂದೇ ಕಾಯಿಲೆಯಲ್ಲ, ಐದು ಬಗೆ ಎಂದು ವಿಂಗಡಿಸಿದರು. ಚೆನ್ನೈನ ಡಾ. ಮೋಹನ್ ಮತ್ತು ಡಾ. ಅಂಜನಾ ಅವರ ತಂಡ 2020ರಲ್ಲಿ 19,084 ಭಾರತೀಯರ ಮಾಹಿತಿಯನ್ನು ಹಾಗೆಯೇ ಜಾಲಾಡಿದಾಗ ನಾಲ್ಕು ಗುಂಪು ಸಿಕ್ಕವು. ಇನ್ಸುಲಿನ್ ತೀರಾ ಕಡಿಮೆ ಇರುವವರಿಗೆ ಕಣ್ಣಿನ ಅಪಾಯ ಹೆಚ್ಚು. ಇನ್ಸುಲಿನ್ ಕಡಿಮೆಯೂ ಇದ್ದು, ಇರುವುದೂ ನಾಟದವರಿಗೆ ಕಿಡ್ನಿಯ ಅಪಾಯ ಹೆಚ್ಚು. ಈ ವಿಂಗಡಣೆಗೆ ಬೇಕಾದ ರಕ್ತ ಪರೀಕ್ಷೆಗಳಲ್ಲಿ ಮುಖ್ಯವಾದದ್ದು ಸಿ-ಪೆಪ್ಟೈಡ್, ಅಂದರೆ ನಮ್ಮ ಮೇದೋಜ್ಜೀರಕ ಗ್ರಂಥಿ ಸ್ವಂತವಾಗಿ ಎಷ್ಟು ಇನ್ಸುಲಿನ್ ಹುಟ್ಟಿಸುತ್ತಿದೆ ಎಂಬುದರ ಗುರುತು.

ಊಹೆಯ ಲೆಕ್ಕ

ಹಾಗಾದರೆ ಎಲ್ಲರಿಗೂ ಎಲ್ಲ ಸೂಚಕಗಳನ್ನೂ ಮಾಡಿಸಿಬಿಡೋಣವೇ? ಒಂದು ಲೆಕ್ಕ ಹಾಕಿ ನೋಡೋಣ, ಸಂಖ್ಯೆಗಳು ಉದಾಹರಣೆಗೆಂದು ಹಿಡಿದವು. ಸಾವಿರ ಮಧುಮೇಹಿಗಳಲ್ಲಿ 50 ಜನರ ಕಿಡ್ನಿ ಮುಂದೆ ಕೆಡುತ್ತದೆ ಎನ್ನಿ. ಪರೀಕ್ಷೆ ಒಳ್ಳೆಯದೇ: ಕೆಡುವವರಲ್ಲಿ ನೂರಕ್ಕೆ 80 ಮಂದಿಯನ್ನು ಹಿಡಿಯುತ್ತದೆ, ಕೆಡದವರಲ್ಲಿ ನೂರಕ್ಕೆ 80 ಮಂದಿಗೆ ಸರಿಯಾಗಿ "ಇಲ್ಲ" ಎನ್ನುತ್ತದೆ. ಆಗ 50ರಲ್ಲಿ 40 ಜನ ಸಿಕ್ಕರು. ಆದರೆ ಉಳಿದ 950ರಲ್ಲಿ 190 ಮಂದಿಗೂ "ಅಪಾಯ" ಎಂದು ಬಂತು. ಒಟ್ಟು 230 ಮನೆಗಳಲ್ಲಿ ನಿದ್ದೆ ಕೆಟ್ಟಿತು, ನಿಜಕ್ಕೂ ಕಾಯಿಲೆ ಬರುವುದು 40 ಜನಕ್ಕೆ, ಆರು ಜನರಲ್ಲಿ ಒಬ್ಬರಿಗೆ. ಇತ್ತ "ಏನೂ ಇಲ್ಲ" ಎಂದು ನಿಶ್ಚಿಂತೆಯಿಂದ ಮನೆಗೆ ಹೋದವರಲ್ಲಿ 10 ಮಂದಿಗೆ ಬರುತ್ತದೆ. ಹೊಸ ಸೂಚಕವೊಂದು ಪತ್ರಿಕೆಯಲ್ಲಿ ಸುದ್ದಿಯಾದಾಗ ಈ ಲೆಕ್ಕವನ್ನು ನಾನು ಮನಸ್ಸಿನಲ್ಲಿ ಮಾಡಿಕೊಳ್ಳುತ್ತೇನೆ.

ಇನ್ನೊಂದು ಪ್ರಶ್ನೆಯೂ ಇದೆ. ಗೊತ್ತಾದ ಮೇಲೆ ಏನು ಮಾಡುತ್ತೇವೆ? ಯುರೋಪಿನಲ್ಲಿ 1775 ಮಧುಮೇಹಿಗಳ ಮೇಲೆ ಪ್ರಯಾರಿಟಿ ಎಂಬ ಪ್ರಯೋಗ ನಡೆಯಿತು. ಮೂತ್ರದ 273 ಪ್ರೋಟೀನ್ ಚೂರುಗಳನ್ನು ನೋಡಿ, ಆಲ್ಬುಮಿನ್ ಸೋರಿಕೆ ಶುರುವಾಗುವ ಮೊದಲೇ ಅಪಾಯವಿರುವವರನ್ನು ಹುಡುಕಿದರು. ಊಹೆ ಸರಿಯಾಗಿಯೇ ಇತ್ತು: ಅಪಾಯದ ಗುಂಪಿನಲ್ಲಿ ಶೇ. 28ರಷ್ಟು ಮಂದಿಗೆ ಸೋರಿಕೆ ಬಂತು, ಉಳಿದವರಲ್ಲಿ ಶೇ. 9. ಆದರೆ ಆ ಅಪಾಯದ ಗುಂಪಿಗೆ ಕೊಟ್ಟ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯಿಂದ ಅದನ್ನು ತಡೆಯಲಾಯಿತು ಎಂದು ಸಾಬೀತಾಗಲಿಲ್ಲ. ಮುಂಚೆ ಗೊತ್ತಾಗುವುದೇ ಬೇರೆ, ತಪ್ಪಿಸುವುದೇ ಬೇರೆ.

ಸಮಾಧಾನದ ಸಂಗತಿ ಎಂದರೆ, ಎಸಿಆರ್ ಮತ್ತು ಇಜಿಎಫ್‌ಆರ್ ಕೆಟ್ಟಿದೆ ಎಂದು ಗೊತ್ತಾದವರಿಗೆ ಮಾಡಲು ಇಂದು ಬಹಳಷ್ಟಿದೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳು ಸೋರಿಕೆ ತಗ್ಗಿಸುತ್ತವೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಕಿಡ್ನಿಯನ್ನು ಕಾಯುತ್ತವೆ ಎಂದು 2019ರಿಂದೀಚೆಗೆ ದೊಡ್ಡ ಪ್ರಯೋಗಗಳು ತೋರಿಸಿವೆ; ಮೊದಲನೆಯದರಲ್ಲೇ ಕಿಡ್ನಿ ಸೋಲುವಂಥ ಗಂಭೀರ ಘಟನೆಗಳು ಶೇ. 30ರಷ್ಟು ತಗ್ಗಿದವು. ಭಾರತದಲ್ಲಿ 2020ರಲ್ಲಿ ಡಪಾಗ್ಲಿಫ್ಲೋಜಿನ್, 2025ರಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಬಹಳ ಇಳಿದಿದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಹದಿನೇಳು ಪ್ರೋಟೀನುಗಳ ಪರೀಕ್ಷೆ ತಾಲ್ಲೂಕು ಆಸ್ಪತ್ರೆಗೆ ಬರುವ ಹೊತ್ತಿಗೆ ಬರಲಿ. ಒಂದು ಡಬ್ಬಿ ಮೂತ್ರ, ಒಂದು ಲೆಕ್ಕ, ಇವು ಈಗಲೇ ಆಗಬೇಕು.

ದೊಡ್ಡಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. ಆರು ಹಾಳೆಗಳ ಕ್ರಿಯಾಟಿನಿನ್, ಇಜಿಎಫ್‌ಆರ್ ಎರಡನ್ನೂ ನೋಟುಪುಸ್ತಕದ ಒಂದೇ ಪುಟಕ್ಕೆ ಇಳಿಸಿ, ಅದನ್ನು ಹಿಡಿದುಕೊಂಡು ಅವರ ವೈದ್ಯರ ಹತ್ತಿರ ಹೋದೆವು. ಅವರು ಪುಟವನ್ನು ಎರಡು ನಿಮಿಷ ನೋಡಿದರು, ಎಸಿಆರ್ ಬರೆದುಕೊಟ್ಟರು. ಮೊದಲ ಸಲ 84 ಬಂತು. ಬಿಪಿ ಮಾತ್ರೆ ಬದಲಾಯಿತು, ಹೊಸದೊಂದು ಮಾತ್ರೆ ಸೇರಿತು, ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುತ್ತಿದ್ದ ಗುಳಿಗೆ ನಿಂತಿತು. ಎರಡನೇ ಸ್ಯಾಂಪಲ್ಲಿಗೆ ಡಬ್ಬಿ ತಂದು ದೇವರಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ. ಬೆಳಗ್ಗೆ ಎದ್ದ ಕೂಡಲೇ ಮೊದಲ ಮೂತ್ರವನ್ನೇ ಹಿಡಿಯಬೇಕು ಎಂದು ನಾನು ಫೋನಿನಲ್ಲಿ ನೆನಪಿಸಿದರೆ, "ಗೊತ್ತಪ್ಪಾ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದೀನಿ" ಎನ್ನುತ್ತಾರೆ.